ಜರಡಿ ಬಳೆಯ ಹಡಗು: ಮಾಡೆಲ್ಲೇ ಕಥೆಯ ಗುಟ್ಟು ಬಿಟ್ಟುಕೊಟ್ಟರೆ?

ಕುವೆಂಪುನಗರ ಧೂಮಕೇತು · ಭಾನುವಾರ ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳು ಕೂತು ಮಾಡಿದ್ದು ಕೊನೆಗೂ ಒಂದು ರೂಪಕ್ಕೆ ಬಂತು. ನಾಲ್ಕು ಫೋಟೋ ಹಾಕಿದ್ದೀನಿ, ಬೈಯೋರು ಬೈಯಿರಿ.

ನನ್ನ ಕಥೆಯಲ್ಲಿ ಬರೋ ಹಡಗು ಇದು. ಅಳತೆ 1:1000, ಅಂದರೆ ಮಾಡೆಲ್ಲಿನ ಒಂದು ಮಿಲಿಮೀಟರ್ ನಿಜದಲ್ಲಿ ಒಂದು ಮೀಟರ್. ಬೆನ್ನುಮೂಳೆಗೆ 25 ಮಿ.ಮೀ. ಪಿವಿಸಿ ಪೈಪು, 60 ಸೆಂ.ಮೀ. ಉದ್ದ. ಸುತ್ತ ಇರೋ ದೊಡ್ಡ ಉಂಗುರ ಅಮ್ಮನ ಹಳೇ ರಾಗಿ ಜರಡಿಯ ತಗಡಿನ ಬಳೆ. ಅಡ್ಡಳತೆ ಸರಿಯಾಗಿ 45 ಸೆಂ.ಮೀ., ಪಟ್ಟಿ 7 ಸೆಂ.ಮೀ. ಅಗಲ. ಆಂಟೆನಾ ಎಲ್ಲ ಅಗರಬತ್ತಿ ಕಡ್ಡಿ, ಮೈಸೂರಲ್ಲಿ ಅದಕ್ಕೇನು ಬರವಾ. ಎಂಜಿನ್ನಿನ ಬಾಯಿಗಳು ಕೆಮ್ಮಿನ ಸಿರಪ್ಪಿನ ಮುಚ್ಚಳ. ಸಂದಿಗೆಲ್ಲ ಎಂ-ಸೀಲ್ ತುಂಬಿ ಉಜ್ಜಿದ್ದೀನಿ.

ಈಗ ಸಮಸ್ಯೆ. ಹೋದ ಭಾನುವಾರ ಕುಕ್ಕರಹಳ್ಳಿ ಕೆರೆ ಹತ್ತಿರ ಸೇರಿದ್ದಾಗ ಕಥೆಯ ಪ್ರಿಂಟು ಹಂಚಿದೆ, ಹುರುಪು ತಡೀಲಾರದೆ ಮಾಡೆಲ್ಲನ್ನೂ ತೋರಿಸಿಬಿಟ್ಟೆ. ಕಥೆ ಓದಿದವರಿಗೆ ಗೊತ್ತು: 18 ಪುಟದ ತನಕ ಅದು ಮಂಡ್ಯ ಕಡೆಯ ಒಂದು ಹಳ್ಳಿ. ಅಜ್ಜಿ, ಮೊಮ್ಮಗಳು, ಕಬ್ಬಿನ ಗದ್ದೆ, ನಾಲೆ. ಕೊನೇ ಸಾಲಿನಲ್ಲಿ ಬಾಗಿಲು ತೆರೆದರೆ ಆಚೆ ನಕ್ಷತ್ರ. ಅವರಿದ್ದದ್ದು ಹಡಗಿನಲ್ಲಿ ಅಂತ ಆಗ ಗೊತ್ತಾಗಬೇಕು. ಮಾಡೆಲ್ ನೋಡಿದವರಿಗೆ ಮೊದಲ ಪುಟದಲ್ಲೇ ಗೊತ್ತಾಗಿಹೋಗಿದೆ.

ಮಾಡೆಲ್ಲನ್ನ ಬಚ್ಚಿಡಬೇಕಾ? ಇಲ್ಲಾ ಕಥೆಯ ಕೊನೆ ಬದಲಾಯಿಸಬೇಕಾ?


ಗೊಂಬೆಹಬ್ಬ · 9:25

ಜರಡಿ ಹೋದದ್ದು ಅಮ್ಮನಿಗೆ ಗೊತ್ತಾ?


ಕುವೆಂಪುನಗರ ಧೂಮಕೇತು · 9:27

ಇನ್ನೂ ಹುಡುಕ್ತಿದ್ದಾರೆ ಅಕ್ಕ.


ಅರ್ಧ ಓದಿದವ · 9:48

ನಾನು ಮಾಡೆಲ್ ನೋಡೋ ಮುಂಚೆಯೇ ಓದಿದ್ದು, ಬಸ್ಸಿನಲ್ಲಿ. ನಿಜ ಹೇಳಲಾ? ಆರನೇ ಪುಟಕ್ಕೇ ಅನುಮಾನ ಬಂತು. "ಊರಿನಾಚೆ ಯಾರೂ ಹೋಗುವಂತಿರಲಿಲ್ಲ" ಅಂತ ಬರೆದ ಕೂಡಲೇ ಆಚೆ ಏನೋ ಇದೆ ಅಂತಲೇ ತಾನೆ ಅರ್ಥ? ಈ ಥರದ ಕೊನೆ ಎಷ್ಟು ಸಲ ಓದಿದ್ದೀವಿ. ಹಳ್ಳಿ ಅಂದುಕೊಂಡದ್ದು ಹಡಗು, ಮನುಷ್ಯ ಅಂದುಕೊಂಡವನು ಯಂತ್ರ, ಎದ್ದರೆ ಎಲ್ಲಾ ಕನಸು. ಓದುಗನ ಕಣ್ಣಿಗೆ ಬಟ್ಟೆ ಕಟ್ಟಿ 18 ಪುಟ ನಡೆಸಿ ಆಮೇಲೆ ಬಟ್ಟೆ ಬಿಚ್ಚಿದರೆ ಅವನಿಗೆ ಸಿಗೋದು ಬೆರಗಲ್ಲ, ಕಣ್ಣುರಿ.

ಹಡಗು ಮಾತ್ರ ಸೂಪರ್. ಕಥೆಗಿಂತ ಚೆನ್ನಾಗಿದೆ.


ಕುವೆಂಪುನಗರ ಧೂಮಕೇತು · 10:02

ಕೊನೇ ಸಾಲು ಹೊಗಳಿಕೆ ಅಂತ ತಗೋತೀನಿ ಗುರು. ಆದರೆ ಕೊನೇ ತಿರುವು ಹಳತಾಯ್ತು ಅಂದ ಮಾತ್ರಕ್ಕೆ ತಿರುವೇ ತಪ್ಪಾ? ಸುಳಿವು ಕೊಡದೆ ಮೋಸ ಮಾಡಿದರೆ ತಪ್ಪು. ನಾನು ಸುಳಿವು ಕೊಟ್ಟಿದ್ದೀನಿ. ಒಂದು ಕಡೆಯೂ "ಸೂರ್ಯ" ಅಂತ ಬರೆದಿಲ್ಲ, "ಬೆಳಕಾಯಿತು" ಅಂತ ಮಾತ್ರ. ಮಳೆ ಬರೋದೇ ಇಲ್ಲ. ಹುಡುಕಿ ನೋಡು.


ಪಿವಿಸಿ ಮಂಡ್ಯ · 10:40

ಅಣ್ಣ, ಹಡಗು ಚೆನ್ನಾಗೈತೆ. ಒಂದ್ ಲೆಕ್ಕ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ.

ಊರೆಲ್ಲ ಇರೋದು ನಿಮ್ಮ ಉಂಗುರದ ಒಳಮೈ ಮ್ಯಾಲೆ ತಾನೆ? ಅದ್ರ ಅಡ್ಡಳತೆ 450 ಮೀಟ್ರು. ಸುತ್ತಳತೆ ಹತ್ತತ್ರ 1,414 ಮೀಟ್ರು ಬತ್ತದೆ. ಅಗಲ 70. ಗುಣಿಸಿದ್ರೆ 99 ಸಾವಿರ ಚದರ ಮೀಟ್ರು. ನಮ್ ಕಡೆ ಲೆಕ್ಕದಲ್ಲಿ 24 ಎಕರೆ ಚಿಲ್ರೆ. ಕತೇಲಿ ಜನ ಎಷ್ಟು? ಐದು ಸಾವ್ರ. 24 ಎಕರೇಲಿ ಐದು ಸಾವ್ರ ಜನ, ಅದ್ರಾಗೆ ಕಬ್ಬಿನ ಗದ್ದೆ, ಇಸ್ಕೂಲು, ದೇವಸ್ಥಾನ, ಅರಳಿಕಟ್ಟೆ. ನಮ್ಮಪ್ಪನ ಕಾಲದ ಭಾಗ ಪತ್ರಾನೂ ಇಷ್ಟ್ ಇಕ್ಕಟ್ಟಿಲ್ಲ ಕಣಣ್ಣ.

ಇನ್ನೊಂದು. ನಾಲೆ ನೀರು ಯಾವ್ ಕಡೀಕೆ ಹರೀತದೆ? ಉಂಗುರದಾಗೆ ಇಳಿಜಾರು ಎಲ್ಲೈತೆ? ನಾವು ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೋಡ್ಕಂಡು ಬೆಳೆದೋರು. ಮೇಲಿಂದ ಕೆಳಕ್ಕೆ ಹರಿದ್ರೆ ನಾಲೆ, ಇಲ್ದಿದ್ರೆ ಅದು ಕಟ್ಟೆ.


ಕುವೆಂಪುನಗರ ಧೂಮಕೇತು · 10:52

ಬರೆಯುವಾಗ ಎಕರೆ ಲೆಕ್ಕ ಹಾಕೇ ಇರಲಿಲ್ಲ. ಐದು ಸಾವಿರ ಅನ್ನೋದು ಕೇಳೋಕೆ ಚೆನ್ನಾಗಿತ್ತು, ಬರೆದೆ.


ಸರಸ್ವತಿಪುರಂ ಹಳಬ · 11:30

ಮಾಡೆಲ್ ಮಾಡುವುದರ ಉಪಯೋಗವೇ ಇದಪ್ಪ. ಕಾಗದದ ಮೇಲೆ ಐದು ಸಾವಿರ ಅಂತ ಬರೆಯೋದಕ್ಕೆ ಕಾಸು ಖರ್ಚಿಲ್ಲ. ಜರಡಿ ಬಳೆ ಕೈಯಲ್ಲಿ ಹಿಡಿದರೆ ಜಾಗ ಎಷ್ಟು ಅಂತ ಅದೇ ಹೇಳುತ್ತೆ.

ನಿನ್ನ ಹಡಗಿನಲ್ಲಿ ಶಾಖ ಹೊರಹಾಕೋ ಫಲಕಗಳಿಲ್ಲ, ಗಮನಿಸಿದೆಯಾ? ನಿರ್ವಾತದಲ್ಲಿ ಗಾಳಿ ಇಲ್ಲ, ಬಿಸಿ ಹೊರಗೆ ಹೋಗೋಕೆ ವಿಕಿರಣ ಒಂದೇ ದಾರಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರ ನೋಡು, ಸೌರಫಲಕದ ಜೊತೆ ಬಿಳೀ ಫಲಕಗಳಿವೆಯಲ್ಲ, ಅವು ಅದಕ್ಕೇ. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದ ದೊಡ್ಡ ಹಡಗಿಗೂ ಮೊದಲು ಆ ಫಲಕಗಳ ವಿನ್ಯಾಸ ಮಾಡಿದ್ದರು. ಆಮೇಲೆ ತೆಗೆದರು. ಕಾರಣ? ನೋಡುವವರು ಅದನ್ನ ರೆಕ್ಕೆ ಅಂದುಕೊಂಡಾರು, ಗಾಳಿ ಇಲ್ಲದ ಕಡೆ ರೆಕ್ಕೆ ಯಾಕೆ ಅಂತ ನಕ್ಕಾರು ಅನ್ನೋ ಭಯ. ಅಂದರೆ ವಿಜ್ಞಾನ ಸರಿಯಾಗಿತ್ತು, ಸರಿಯಾಗಿದ್ದೇ ತಪ್ಪಾಗಿ ಕಾಣುತ್ತಿತ್ತು. ಆ ಹಡಗಿನ ದೊಡ್ಡ ಮಾಡೆಲ್ 54 ಅಡಿ ಉದ್ದ ಇತ್ತು. ಅಷ್ಟು ಶ್ರಮ ಪಟ್ಟು, ಗೊತ್ತಿದ್ದೂ ಒಂದು ಸತ್ಯವನ್ನ ಬಿಟ್ಟರು. ನಾನು ಅವರನ್ನ ತಪ್ಪು ಅನ್ನೋಲ್ಲ. ಆದರೆ ಬಿಡುವವನಿಗೆ ಬಿಡ್ತಿದ್ದೀನಿ ಅಂತ ಗೊತ್ತಿರಬೇಕು. ನಿನಗೆ ಗೊತ್ತಿರಲಿಲ್ಲ.


ಗೊಂಬೆಹಬ್ಬ · 11:55

ಹಳಬ ಸರ್, ಅದೇ ಮಾತಿಗೆ ಇನ್ನೊಂದು ಸೇರಿಸ್ತೀನಿ. 1966ರ ಸ್ಟಾರ್ ಟ್ರೆಕ್ ಧಾರಾವಾಹಿಯ ಹಡಗು ಇದೆಯಲ್ಲ, 11 ಅಡಿ ಚಿಲ್ಲರೆ ಉದ್ದದ ಮಾಡೆಲ್ಲು, ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಅದರ ಒಂದು ಮಗ್ಗುಲನ್ನ ಪೂರ್ತಿ ಮಾಡಿಯೇ ಇರಲಿಲ್ಲ. ದೀಪದ ವೈರುಗಳೆಲ್ಲ ಆ ಕಡೆಯಿಂದ ಹೋಗ್ತಿದ್ವು. ಬಲಮಗ್ಗುಲಿನಿಂದ ಮಾತ್ರ ಶೂಟಿಂಗು.

ನಾವು ದಸರಾದಲ್ಲಿ ಗೊಂಬೆ ಕೂರಿಸೋದೂ ಹಾಗೇ ತಾನೆ? ಗೋಡೆ ಕಡೆ ಇರೋ ಬೆನ್ನಿಗೆ ಯಾರೂ ಬಣ್ಣ ಬಳಿಯೋಲ್ಲ. ಮುಂದೆ ಮಾತ್ರ ಪಾರ್ಕು, ಕನ್ನಡಿ ಇಟ್ಟು ಕೆರೆ, ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಗದ್ದೆ. ಡಯೋರಾಮ ಅನ್ನೋ ಪದ ಕೇಳೋಕೆ ಮುಂಚೆ ನಮ್ಮಜ್ಜಿ ಅದನ್ನ ನಲವತ್ತು ವರ್ಷ ಮಾಡಿದ್ರು.

ಈಗ ನಿನ್ನ ಮಾಡೆಲ್ಲಿನ ಬಗ್ಗೆ. ನಡುವಿನ ಡಬ್ಬಕ್ಕೆ ಕೊರೆದಿರೋ ಕಿಟಕಿ 3 ಮಿ.ಮೀ. ಅನ್ಸುತ್ತೆ. 1:1000 ಅಂದರೆ 3 ಮೀಟರ್ ಕಿಟಕಿ, ಹತ್ತಿರ ಹತ್ತಿರ ಎರಡಾಳೆತ್ತರ! ನಿನ್ನ ಅಳತೆಗೆ ಮನುಷ್ಯ ಒಂದೂಮುಕ್ಕಾಲು ಮಿ.ಮೀ. ಕೂಡ ಇಲ್ಲ. ಕಿಟಕಿ ದೊಡ್ಡದಾದಷ್ಟೂ ಹಡಗು ಚಿಕ್ಕದಾಗಿ ಕಾಣುತ್ತೆ, ಆಟದ ಸಾಮಾನಿನ ಥರ. ಆ ತೂತೆಲ್ಲ ಪುಟ್ಟಿ ಹಾಕಿ ಮುಚ್ಚು. ದಸರಾ ವಸ್ತುಪ್ರದರ್ಶನದಲ್ಲಿ ಮಾರ್ತಾರಲ್ಲ, ಕಾರಂಜಿ ಥರ ತುದಿಯಲ್ಲಿ ಮಿನುಗೋ ಫೈಬರ್ ದೀಪ, ಯಾರ ಮನೇಲಾದರೂ ಕೆಟ್ಟು ಬಿದ್ದಿರುತ್ತೆ. ಆ ಎಳೆಗಳನ್ನ ಕಿತ್ತುಕೋ. ಅರ್ಧ ಮಿ.ಮೀ. ಎಳೆ ಅಂದರೆ ಅರ್ಧ ಮೀಟರ್ ಕಿಟಕಿ. ಸೂಜಿಯಿಂದ ಚುಚ್ಚಿ, ಒಳಗಿಂದ ಎಳೆದು, ಹೊರಗೆ ಮಟ್ಟಸವಾಗಿ ಕತ್ತರಿಸು. ಒಳಗೊಂದು ಎಲ್‌ಇಡಿ. ಕ್ವಿಕ್ ಗಮ್ ಮಾತ್ರ ಎಳೆಯ ಹತ್ತಿರ ತರಬೇಡ, ಅದರ ಹಬೆಗೆ ಸುತ್ತ ಬೆಳ್ಳಗಾಗುತ್ತೆ. ಬಿಳಿ ಫೆವಿಕಾಲ್ ಸಾಕು.


ಹತ್ತನೇ ಕ್ಲಾಸ್ · ಮಧ್ಯಾಹ್ನ 12:20

ಅಣ್ಣ ಅಕ್ಕ ಎಲ್ಲರಿಗೂ ಹಾಯ್. ನನಗೂ ಮಾಡೆಲ್ ಮಾಡಬೇಕು. ಆನ್‌ಲೈನ್ ಕಿಟ್ಟು ನೋಡಿದೆ, ಬೆಲೆ ನೋಡಿ ಮುಚ್ಚಿದೆ. ಏನಿಂದ ಶುರು ಮಾಡಲಿ? ಕಥೆ ನಾನಿನ್ನೂ ಓದಿರಲಿಲ್ಲ, ಈಗ ಕೊನೆ ಗೊತ್ತಾಯ್ತು 😐


ಪಿವಿಸಿ ಮಂಡ್ಯ · 12:45

ಅಯ್ಯೋ ತಮ್ಮ, ಕಿಟ್ಟು ಯಾಕೆ? ಪ್ಲಂಬಿಂಗ್ ಅಂಗಡಿಗೆ ಹೋಗು.

ನಾನು ಚಂದ್ರಯಾನ-3 ತಗಂಡೋದ ಎಲ್‌ವಿಎಂ3 ಮಾಡಿವ್ನಿ, ಫೋಟೋ ಕೆಳಗಡೆ ಐತೆ. ಇದ್ರ ಮಜಾ ಕೇಳು. ರಾಕೆಟ್ಟಿನ ನಡುವಿನ ಹಂತದ ಅಡ್ಡಳತೆ 4 ಮೀಟ್ರು. ಅಕ್ಕಪಕ್ಕ ಅವೆಯಲ್ಲ ಎರಡು ಘನ ಇಂಧನದ ಬೂಸ್ಟರು, ಎಸ್200, ಅವು 3.2 ಮೀಟ್ರು. ಮೇಲಿನ ಟೋಪಿ 5 ಮೀಟ್ರು. 1:100 ಅಳತೇಲಿ ಎಷ್ಟಾಯ್ತು? 40, 32, 50 ಮಿ.ಮೀ. ಅಂಗಡೀಲಿ ಸಿಗೋ ಪಿವಿಸಿ ಪೈಪಿನ ಹೊರಗಿನ ಅಳತೆ ಯಾವ್ಯಾವುದು? 32, 40, 50! ಇಸ್ರೊದವ್ರು ನಮ್ಗೋಸ್ಕರಾನೇ ಮಾಡ್ದಂಗೈತೆ. ಒಟ್ಟು ಎತ್ತರ 43.5 ಮೀಟ್ರು, ನಿನ್ ಮಾಡೆಲ್ಲು 43.5 ಸೆಂ.ಮೀ. ಅಂಗಡಿಯಾತ ತುಂಡು ಪೈಪು ಸುಮ್ನೆ ಕೊಟ್ಟ.

ಕಷ್ಟ ಎರಡೇ. ಒಂದು ಟೋಪಿಯ ಮೂತಿ. ನಾನು ಎರಡ್ ಸಲ ಎಂ-ಸೀಲಲ್ಲಿ ಮಾಡ್ದೆ, ಬದನೆಕಾಯಿ ಆಯ್ತು. ಆಮೇಲೆ ಚನ್ನಪಟ್ಣದಾಗೆ ಗೊಂಬೆ ಮಾಡೋರತ್ರ ಹೋಗಿ ಚಿತ್ರ ತೋರಿಸ್ದೆ. ಹಾಲೆ ಮರದ ತುಂಡು ಲೇತ್ ಮಿಷಿನ್ನಿಗೆ ಹಾಕಿ ಕಾಲು ಗಂಟೇಲಿ ಕಡೆದು ಕೊಟ್ರು. ಅರಗಿನ ಬಣ್ಣ ಹಾಕ್ಲಾ ಅಂತ ಕೇಳಿದ್ರು. ಕೆಂಪು ಹಳದಿ ರಾಕೆಟ್ಟೂ ಚೆಂದ ಇರ್ತಿತ್ತೇನೋ, ಬ್ಯಾಡ ಅಂದೆ.

ಎರಡ್ನೇದು ಬಣ್ಣ. ಪಿವಿಸಿ ನುಣ್ಣಗಿರ್ತದೆ, ಹಂಗೇ ಬಳಿದ್ರೆ ಉಗುರಲ್ಲಿ ಕೆರೆದ್ರೆ ಸಿಪ್ಪೆ ಬತ್ತದೆ. 320 ನಂಬರ್ ಉಪ್ಪುಕಾಗದ, ಆಮೇಲೆ 400, ನೀರು ಹಾಕ್ಕಂಡು ಉಜ್ಜು. ಪ್ರೈಮರ್ ಒಣಗಿದ ಮೇಲೆ ಬಣ್ಣ. ಜಡಿಮಳೆ ದಿನ ಸ್ಪ್ರೇ ಹೊಡೀಬ್ಯಾಡ, ತೇವ ಹಿಡಿದು ಬೂದಿ ಬಳಿದಂಗೆ ಆಗ್ತದೆ. ನನ್ದು ಒಂದ್ ಬೂಸ್ಟರ್ ಇನ್ನೂ ಹಂಗೇ ಐತೆ, ಫೋಟೋದಾಗೆ ಅದನ್ನ ಹಿಂದಕ್ಕೆ ತಿರುಗಿಸಿವ್ನಿ.


ಸರಸ್ವತಿಪುರಂ ಹಳಬ · 12:58

ಸ್ಟಾರ್ ಟ್ರೆಕ್ ಪದ್ಧತಿ.


ಫಿಸಿಕ್ಸ್ ಮೇಡಂ · ಮಧ್ಯಾಹ್ನ 3:15

ಊಟ ಮುಗಿಸಿ ಈಗ ಎಲ್ಲ ಓದಿದೆ. ಧೂಮಕೇತು, ನಿನ್ನ ಕಥೆಗೆ ಹಡಗಿನ ಮಾಡೆಲ್ ತೊಂದರೆಯಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕಥೆಯ ಒಳಗೇ ಇದೆ.

225 ಮೀಟರ್ ತ್ರಿಜ್ಯದ ಉಂಗುರ ನಿಮಿಷಕ್ಕೆ ಎರಡು ಸುತ್ತು ತಿರುಗಿದರೆ ಒಳಮೈ ಮೇಲೆ ನಿಂತವರಿಗೆ ಭೂಮಿಯಷ್ಟೇ ತೂಕ ಸಿಗುತ್ತೆ. ಲೆಕ್ಕ ಸರಿಯಾಗಿದೆ, ಶಭಾಶ್. ಆದರೆ ಆ ಹುಡುಗಿ ಮನೆ ಮುಂದೆ ನಿಂತು ಬೀದಿ ನೋಡಿದರೆ ಏನು ಕಾಣುತ್ತೆ? ನೆಲ ಎರಡೂ ಕಡೆ ಮೇಲಕ್ಕೇಳುತ್ತೆ. ನೂರು ಮೀಟರ್ ದೂರದ ಮನೆ ಇವಳ ಕಡೆಗೆ 25 ಡಿಗ್ರಿ ಬಾಗಿ ನಿಂತಿರುತ್ತೆ. ಅದನ್ನ 18 ಪುಟ ಹೇಗಪ್ಪ ಬಚ್ಚಿಡ್ತೀಯ? ನೀನು ಬಚ್ಚಿಟ್ಟದ್ದು ಓದುಗನಿಂದ ಮಾತ್ರ, ಅವಳ ಕಣ್ಣಿಗೆ ಹುಟ್ಟಿದಾಗಿನಿಂದ ಅದು ಕಾಣ್ತಾನೇ ಇದೆ. ಅವಳ ಕಣ್ಣಿಂದ ಕಥೆ ಹೇಳ್ತಾ ಅವಳು ನೋಡೋದನ್ನ ನಮಗೆ ತೋರಿಸದೇ ಇರೋದು, ಅದು ಮೋಸ.

ಚೆಂಡೂ ಅಷ್ಟೇ. ಎದೆಮಟ್ಟದಿಂದ, ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟರೆ ಅದು ನೇರ ಕೆಳಗೆ ಬೀಳೋಲ್ಲ, ಉಂಗುರ ತಿರುಗೋ ದಿಕ್ಕಿಗೆ ಎದುರಾಗಿ ಸುಮಾರು 12 ಸೆಂ.ಮೀ. ಸರಿದು ಬೀಳುತ್ತೆ. ಅರ್ಧ ಮೀಟರ್ ಮೇಲಿಂದ ಕಾಫಿ ಎತ್ತಿ ಹೊಯ್ದರೆ ಧಾರೆ 2 ಸೆಂ.ಮೀ. ಪಕ್ಕಕ್ಕೆ. ಅಲ್ಲಿ ಹುಟ್ಟಿದ ಮಕ್ಕಳು ಲೋಟವನ್ನ ತಾನಾಗೇ ಸ್ವಲ್ಪ ಸರಿಸಿ ಹಿಡೀತಾರೆ. ಅವರ ಚಿನ್ನಿದಾಂಡಿಗೆ ಯಾವ ಕಡೆ ನಿಂತು ಹೊಡೀಬೇಕು ಅನ್ನೋದೇ ದೊಡ್ಡ ಜಗಳ ಆಗಿರುತ್ತೆ.

ನನಗೆ ತುಂಬ ಇಷ್ಟವಾದದ್ದು ಅಜ್ಜಿ. ಅವರಿಗೆ ಮಂಡಿನೋವು ಅಂತ ಬರೆದಿದ್ದೀಯ. ಉಂಗುರದ ಅಂಚು ಸೆಕೆಂಡಿಗೆ 47 ಮೀಟರ್ ವೇಗದಲ್ಲಿ ಓಡ್ತಿರುತ್ತೆ. ಅದಕ್ಕೆ ಎದುರಾಗಿ ಅಜ್ಜಿ ನಿಧಾನಕ್ಕೆ, ಸೆಕೆಂಡಿಗೆ 1.2 ಮೀಟರ್ ನಡೆದರೂ ತೂಕ ಶೇಕಡಾ 5ರಷ್ಟು ಕಡಿಮೆ. 60 ಕಿಲೋ ಅಜ್ಜಿ ಮೂರು ಕಿಲೋ ಹಗುರ! ಆಕೆ ದೇವಸ್ಥಾನಕ್ಕೆ ಹತ್ತಿರದ ದಾರಿ ಬಿಟ್ಟು ಊರೆಲ್ಲ ಸುತ್ತಿಕೊಂಡು ಯಾಕೆ ಹೋಗ್ತಾರೆ ಅಂದರೆ ಇದಕ್ಕೇ.


ಕುವೆಂಪುನಗರ ಧೂಮಕೇತು · 3:31

ಮೇಡಂ, ಆ ಅಜ್ಜಿಯ ದಾರಿ ನಾನು ಕದ್ದೆ ಅಂತಲೇ ತಿಳ್ಕೊಳ್ಳಿ.


ಗೊಂಬೆಹಬ್ಬ · 3:50

ಮೇಡಂ ಹೇಳಿದ್ದರಲ್ಲೇ ಉತ್ತರ ಇದೆ. ಮೋಸ ಅನ್ನೋದು ಬಚ್ಚಿಡೋದು. ಆದರೆ ಹೇಳದೇ ಇರೋದು ಬೇರೆ. ನಾವು ಮೈಸೂರಿನವರು ಪತ್ರ ಬರೆಯುವಾಗ "ಇಲ್ಲಿ ಚಾಮುಂಡಿ ಬೆಟ್ಟ ಕಾಣ್ಸುತ್ತೆ" ಅಂತ ಬರೀತೀವಾ? ಅದು ಇದ್ದೇ ಇದೆ. "ಬೆಟ್ಟದ ಮೇಲೆ ಮೋಡ ಕಟ್ಟಿದೆ, ಬಟ್ಟೆ ತೆಗಿ" ಅಂತೀವಿ ಅಷ್ಟೆ.

ಹುಡುಗಿಯೂ ಹಾಗೇ ಹೇಳಲಿ. ಮೊದಲ ಪುಟದಲ್ಲೇ ಬೀದಿ ಎರಡೂ ಕಡೆ ಮೇಲಕ್ಕೆ ಹೋಗಲಿ. ವಿವರಣೆ ಬೇಡ. ಓದುಗ ಎರಡನೇ ಸಾಲಿಗೇ ಹಡಗು ಅಂತ ತಿಳ್ಕೊಳ್ಳಲಿ. ಆಗ ಮಾಡೆಲ್ಲನ್ನ ಪುಸ್ತಕದ ಮುಖಪುಟಕ್ಕೇ ಹಾಕಬಹುದು.


ಅರ್ಧ ಓದಿದವ · 4:05

ಅಕ್ಕ, ಮಾತು ಚೆನ್ನಾಗಿದೆ. ಆದರೆ ಆಮೇಲೆ? ಗುಟ್ಟು ತೆಗೆದರೆ ಉಳಿಯೋದೇನು? ಅಜ್ಜಿ ಸುತ್ತಿಕೊಂಡು ದೇವಸ್ಥಾನಕ್ಕೆ ಹೋದಳು, ಲೋಟ ಸರಿಸಿ ಕಾಫಿ ಹೊಯ್ದಳು. ಅದು ಕಥೆಯಲ್ಲ, ವಸ್ತುಪ್ರದರ್ಶನ. ಗುಟ್ಟು ಹಳತೇ ಇರಬಹುದು, ಪುಟ ತಿರುಗಿಸೋಕೆ ಅದೊಂದಾದರೂ ಇತ್ತು.


ಫಿಸಿಕ್ಸ್ ಮೇಡಂ · 4:20

ಅದು ನಿಜವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇಲ್ಲ, ನಾನು ಲೆಕ್ಕದವಳು.

ಲೆಕ್ಕ ಅಂದರೆ, ಶಾಖದ ಫಲಕದ್ದು ಹಾಕಿದೆ. ಹತ್ತು ಎಕರೆ ಬೆಳೆಗೆ ಚದರ ಮೀಟರಿಗೆ 200 ವ್ಯಾಟ್ ಬೆಳಕು ಅಂತ ಇಟ್ಟುಕೊಳ್ಳೋಣ, ನಮ್ಮ ನಡುಹಗಲಿನ ಬಿಸಿಲಿಗಿಂತ ಎಷ್ಟೋ ಕಮ್ಮಿ. ಒಟ್ಟು 8 ಮೆಗಾವ್ಯಾಟ್. ಅದೆಲ್ಲ ಕೊನೆಗೆ ಬಿಸಿಯೇ. ಫಲಕ ನಮ್ಮ ಕೋಣೆಯಷ್ಟು ಬೆಚ್ಚಗಿದ್ದರೆ ಒಂದು ಚದರ ಮೀಟರು ಎರಡೂ ಮೈಯಿಂದ ಸೇರಿ ಸುಮಾರು 920 ವ್ಯಾಟ್ ಹೊರಹಾಕುತ್ತೆ. ಅಂದರೆ 8,700 ಚದರ ಮೀಟರ್ ಬೇಕು. ಮಾಡೆಲ್ಲಿನಲ್ಲಿ 87 ಚದರ ಸೆಂ.ಮೀ., ಒಂದು ಪೋಸ್ಟ್‌ಕಾರ್ಡಿಗಿಂತ ಚಿಕ್ಕದು. ಎಂಜಿನ್ನಿನದು ಬೇರೆ. ಸನ್‌ಬೋರ್ಡ್ ಕತ್ತರಿಸಿ ಬೆನ್ನಿಗೆ ಅಂಟಿಸು, ರೆಕ್ಕೆ ಅಂದವರಿಗೆ ನಾನು ಹೇಳ್ತೀನಿ.


ಸರಸ್ವತಿಪುರಂ ಹಳಬ · 4:40

ಹತ್ತು ಎಕರೆಯಲ್ಲಿ ಕಬ್ಬು ಯಾಕೆ ಅನ್ನೋದು ನನ್ನ ಆಕ್ಷೇಪ. ವರ್ಷಪೂರ್ತಿ ನೆಲ ಹಿಡಿಯುತ್ತೆ, ನೀರು ಕುಡಿಯುತ್ತೆ, ಹೊಟ್ಟೆ ತುಂಬಿಸೋಲ್ಲ. ಹಡಗು ಕಟ್ಟಿದ ಬುದ್ಧಿವಂತರು ರಾಗಿ, ಆಲೂಗಡ್ಡೆ, ಕಾಳು ಬೆಳೀತಾರೆ. ಇದು ಲೇಖಕನ ಮಂಡ್ಯ ಪ್ರೀತಿ ಅಷ್ಟೆ.


ಪಿವಿಸಿ ಮಂಡ್ಯ · 5:10

ಸಾರ್, ಇದಕ್ಕೆ ಮಾತ್ರ ನಾನು ಒಪ್ಪಾಕಿಲ್ಲ. ಮನೆ ಬುಟ್ಟು ಹೋಗೋನು ಬುದ್ಧಿವಂತನಂಗೆ ಗಂಟು ಕಟ್ಟಾಕಿಲ್ಲ. ನಮ್ಮತ್ತೆ ಮಗಳ ಮನೇಗೆ ದುಬೈಗೆ ಹೋಗುವಾಗ ಸೂಟ್‌ಕೇಸಲ್ಲಿ ರಾಗಿಮುದ್ದೆ ಕೋಲು ಇಟ್ಕಂಡ್ರು. ಕೋಲು ದುಬೈನಾಗೆ ಸಿಗಾಕಿಲ್ವಾ? ಐದು ಗುಂಟೆ ಕಬ್ಬು ಇರ್ಲಿ. ವರ್ಷಕ್ಕೊಂದ್ ಸಲ ಆಲೆಮನೆ ಹೂಡಿ ಒಂದ್ ಕೊಪ್ಪರಿಗೆ ಬೆಲ್ಲ. ಅದಕ್ಕೆ ಹಡಗಿನ ಅಧಿಕಾರಿ "ಕಬ್ಬು ಕಿತ್ತಾಕಿ, ನೀರು ಸಾಲ್ದು" ಅಂತ ಬಂದ್ರೆ ಅಲ್ಲೈತೆ ಕತೆ.

ಇನ್ನೊಂದು, ನನ್ ನಾಲೆ ಪ್ರಶ್ನೆಗೆ ಯಾರೂ ಉತ್ರ ಹೇಳ್ನಿಲ್ಲ. ನಾನೇ ಯೋಚ್ನೆ ಮಾಡ್ದೆ. ನೆಲವೆಲ್ಲ ಒಂದೇ ಮಟ್ಟ, ಅದ್ಕೆ ನಾಲೇನ ಸ್ವಲ್ಪ ಸ್ವಲ್ಪ ಆಳಕ್ಕೆ ತೋಡ್ತಾ ಹೋಗ್ಬೇಕು. ಸಾವಿರಕ್ಕೆ ಒಂದು ಇಳಿಜಾರು ಅಂದ್ರೆ, ಒಂದ್ ಸುತ್ತಿಗೆ 1.4 ಮೀಟ್ರು ಇಳೀತದೆ. ಸುತ್ತು ಬಂದು ಸೇರೋ ಜಾಗದಲ್ಲಿ ಆ 1.4 ಮೀಟ್ರು ನೀರು ಮೇಲಕ್ಕೆತ್ತಾಕೆ ಪಂಪು. ಒಂದೇ ಪಂಪು. ಅದು ನಿಂತ್ರೆ ಊರ ನಾಲೆ ನಿಂತ್ತು.


ಅರ್ಧ ಓದಿದವ · 5:14

ಅದು! ಪಂಪು ನಿಲ್ಲಲಿ. ಅದಕ್ಕಾದರೆ ನಾನು ಪುಟ ತಿರುಗಿಸ್ತೀನಿ.


ಹತ್ತನೇ ಕ್ಲಾಸ್ · 5:20

32, 40, 50 ಮೂರೂ ಪೈಪು ತಂದೆ. 50ರದ್ದು ತುಂಡು ಸಿಗಲಿಲ್ಲ, ಪೂರ್ತಿ ಉದ್ದದ್ದೇ ಕೊಟ್ಟರು. ಅಪ್ಪ ಬೈದರು.


ಕುವೆಂಪುನಗರ ಧೂಮಕೇತು · ರಾತ್ರಿ 9:30

ಸಾಯಂಕಾಲ ಕೂತು ಜನಸಂಖ್ಯೆ ಮುನ್ನೂರಕ್ಕೆ ಇಳಿಸಿದೆ. ಕೊನೇ ಸಾಲು ಹೊಡೆದುಹಾಕಿದೆ. ಎರಡು ತಿಂಗಳು ಆ ಒಂದು ಸಾಲಿಗೋಸ್ಕರವೇ ಬರೆದಿದ್ದೆ, ಕೈ ಸ್ವಲ್ಪ ತಡೀತು. ಹೊಸ ಶುರು ಹೀಗಿದೆ:

"ನಮ್ಮ ಬೀದಿ ಎರಡೂ ಕಡೆ ಮೇಲಕ್ಕೆ ಹೋಗುತ್ತೆ. ಶ್ಯಾನುಭೋಗರ ಮನೆ ನಮ್ಮ ಕಡೆ ವಾಲಿಕೊಂಡು ನಿಂತಿರುತ್ತೆ, ಅವರ ಮನೆಯಿಂದ ನೋಡಿದರೆ ನಮ್ಮದು ವಾಲಿರುತ್ತಂತೆ. ಅಜ್ಜಿ ದೇವಸ್ಥಾನಕ್ಕೆ ಹೋಗುವಾಗ ದೂರದ ದಾರಿ ಹಿಡೀತಾಳೆ, ಬರುವಾಗ ಮಾತ್ರ ನನ್ನ ಹೆಗಲು ಬೇಕು. ಇವತ್ತು ಅವಳು ನಾಲೆ ಹತ್ತಿರ ನಿಂತುಬಿಟ್ಟಳು. ನೀರಿನ ಸದ್ದಿರಲಿಲ್ಲ."

ಕಿಟಕಿ ತೂತೆಲ್ಲ ಪುಟ್ಟಿ ಮುಚ್ಚಿ ಒಣಗೋಕಿಟ್ಟಿದ್ದೀನಿ. ಅಮ್ಮ ರೂಮಿಗೆ ಬಂದು ಹಡಗು ನೋಡಿ "ಇದೇನು, ಜರಡಿ ಇದ್ದಂಗಿದೆ" ಅಂದರು. ನಾನು ಮಾತಾಡಲಿಲ್ಲ.


ಫಿಸಿಕ್ಸ್ ಮೇಡಂ · 9:42

"ಬರುವಾಗ ಮಾತ್ರ ಹೆಗಲು ಬೇಕು." ಚೆನ್ನಾಗಿದೆ. ಪೂರ್ತಿ ಸುತ್ತಿ ಬಂದರೆ ಬರುವಾಗಲೂ ಎದುರು ದಿಕ್ಕಿಗೇ ನಡೀಬಹುದಲ್ಲ ಅಂತ ಒಂದು ಕ್ಷಣ ಅನ್ನಿಸ್ತು. ಹತ್ತಿರದ ದಾರಿಯೂ ಅದೇ ದಿಕ್ಕು. ಆದರೆ ಪೂಜೆ ಮುಗಿದ ಮೇಲೆ ಹಸಿವು, ಸುಸ್ತು, ಹಗುರಾದರೂ ಹೆಗಲು ಬೇಕು. ಬಿಡು.


ಪಿವಿಸಿ ಮಂಡ್ಯ · 10:05

ಶುರು ಒಳ್ಳೇದಾಗೈತಣ್ಣ. ಪಂಪಿಂದು ಒಂದ್ ಮಾತು. ಸೆಕೆಂಡಿಗೆ 100 ಲೀಟ್ರು ನೀರನ್ನ 1.4 ಮೀಟ್ರು ಎತ್ತಾಕೆ 3 ಎಚ್‌ಪಿ ಮೋಟ್ರು ಸಾಕು. ಅಂತಾದ್ದು ನಮ್ಮೂರಲ್ಲಿ ಬಾವಿಗೊಂದ್ ಐತೆ. ದೊಡ್ಡ ಯಂತ್ರ, ಕೆಂಪು ದೀಪ, ಸೈರನ್ನು ಅಂತೆಲ್ಲ ಬರೀಬ್ಯಾಡಿ. ಕಾಯಿಲ್ ಸುಟ್ಟೋಗಿ ವಾಸನೆ ಬರ್ತದೆ, ಅಷ್ಟೇ.

ಇಲ್ಲಿ ಆದ್ರೆ ಬಿಚ್ಚಿ ಬೈಕಲ್ಲಿಟ್ಕಂಡು ಮಂಡ್ಯಕ್ಕೆ ತಂದು ಕಾಯಿಲ್ ಕಟ್ಟುಸ್ತೀವಿ. ಅಲ್ಲಿ ಕಟ್ಟೋರು ಯಾರು? ತಾಮ್ರದ ತಂತಿ ಯಾವುದ್ರಿಂದ ಕೀಳ್ತಾರೆ?